ಹೆಣ್ಣುಮಕ್ಕಳಿಲ್ಲದ ಮನೆಯಲ್ಲಿ ಗೊಂಬೆ ಯಾಕೆ ಅಂತ ಕೇಳುವವರಿಗೆ

"ಮನೇಲಿ ಹೆಣ್ಣುಮಕ್ಕಳಿಲ್ವಲ್ಲ, ಮತ್ತೆ ಗೊಂಬೆ ಯಾಕೆ ಕೂರಿಸ್ತೀರಿ?"

ಪ್ರತಿ ದಸರಾಕ್ಕೂ ಈ ಪ್ರಶ್ನೆ ಬರುತ್ತದೆ. ಕುಂಕುಮಕ್ಕೆ ಬಂದವರು ಕೇಳುತ್ತಾರೆ. ತರಕಾರಿ ಗಾಡಿ ಹತ್ತಿರ ಸಿಕ್ಕವರು ಕೇಳುತ್ತಾರೆ. ಸ್ಟೇಟಸ್‌ಗೆ ಫೋಟೋ ಹಾಕಿದರೆ ಅಲ್ಲೂ ಕೇಳುತ್ತಾರೆ. ಮೊದಲೆಲ್ಲ "ನಮಗಿಷ್ಟ, ಅದಕ್ಕೇ" ಅಂತ ನಕ್ಕು ಸುಮ್ಮನಾಗುತ್ತಿದ್ದೆ. ಈಗ ಹೇಳಿ ಹೇಳಿ ಸಾಕಾಗಿದೆ. ಒಂದೇ ಸಲ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಮ್ಮದು ಮೈಸೂರು. ನನಗೆ ಇಬ್ಬರು ಗಂಡುಮಕ್ಕಳು. ಕಳೆದ ದಸರಾದಲ್ಲಿ ದೊಡ್ಡವನು ಆರನೇ ಕ್ಲಾಸು, ಚಿಕ್ಕವನು ಎರಡನೇ ಕ್ಲಾಸು. ನವರಾತ್ರಿಗೆ ನಮ್ಮ ಮನೆಯಲ್ಲಿ ಮೆಟ್ಟಿಲ ಹಾಗೆ ಹಂತ ಕಟ್ಟಿ ಗೊಂಬೆ ಕೂರಿಸುತ್ತೇವೆ. ಇದರಲ್ಲಿ ಬಿಡಿಸಿ ಹೇಳುವಂಥದ್ದು ಏನಿದೆ?

ನಾನು ಚಿಕ್ಕವಳಿದ್ದಾಗ ನವರಾತ್ರಿಯ ಸಂಜೆ ಬೀದಿಯ ಮಕ್ಕಳೆಲ್ಲ ಗುಂಪು ಕಟ್ಟಿಕೊಂಡು ಮನೆ ಮನೆಗೆ ಹೋಗುತ್ತಿದ್ದೆವು. ಬಾಗಿಲಲ್ಲಿ ನಿಂತು "ಗೊಂಬೆ ಕೂರ್ಸಿದೀರಾ?" ಅಂತ ಕೂಗುವುದು. ಹೌದು ಅಂದರೆ ಒಳಗೆ ಹೋಗಿ ನೋಡುವುದು. ಯಾರಾದರೂ ಒಬ್ಬರು ಒಂದು ಹಾಡು ಹೇಳುವುದು. ಚರ್ಪು ಇಸ್ಕೊಂಡು ಪಕ್ಕದ ಮನೆಗೆ ಓಡುವುದು. ಚರ್ಪು ಅಂದರೆ ಆ ದಿನದ ತಿಂಡಿ. ಒಂದು ಮನೆಯಲ್ಲಿ ಕಡಲೆಕಾಳು ಉಸ್ಲಿ, ಇನ್ನೊಂದರಲ್ಲಿ ಕೊಬ್ಬರಿ ಮಿಠಾಯಿ, ಕೊನೆಗೆ ಸಕ್ಕರೆ ಬೆರೆಸಿದ ಹುರಿಗಡಲೆಯಾದರೂ ಸರಿ. ಆ ಗುಂಪಿನಲ್ಲಿ ಅರ್ಧಕ್ಕರ್ಧ ಹುಡುಗರೇ ಇದ್ದರು. ನಮ್ಮಣ್ಣ ಚಡ್ಡಿ ಜೇಬಿಗೆ ರವೆ ಉಂಡೆ ತುರುಕಿಕೊಂಡು ಬರುತ್ತಿದ್ದ. ಮನೆಗೆ ಬರುವಷ್ಟರಲ್ಲಿ ಅದು ಪುಡಿಪುಡಿ. ಅಮ್ಮ ಆ ಚಡ್ಡಿಯನ್ನು ಹಿತ್ತಲಲ್ಲಿ ಕೊಡವುತ್ತಿದ್ದದ್ದು, ಇರುವೆ ಸಾಲು ಬಾಗಿಲ ತನಕ ಬರುತ್ತಿದ್ದದ್ದು ನನಗೆ ಈಗಲೂ ನೆನಪಿದೆ. ಚರ್ಪು ತಿನ್ನೋಕೆ ಗಂಡುಹುಡುಗರು ಯಾಕೆ ಅಂತ ಆಗ ಯಾರೂ ಕೇಳಲಿಲ್ಲ. ಜೋಡಿಸೋಕೆ ಕೂತರೆ ಮಾತ್ರ ಕೇಳ್ತೀರಾ?

ನಮ್ಮ ಮನೆಯ ಗೊಂಬೆ ಹೇಗೆ ಏಳುತ್ತದೆ ಅಂತ ಹೇಳುತ್ತೇನೆ. ನವರಾತ್ರಿಗೆ ಐದಾರು ದಿನ ಮುಂಚೆ ದೊಡ್ಡವನು ರಾಗಿ ನೆನೆಹಾಕುತ್ತಾನೆ. ಮಾರನೇ ದಿನ ಎರಡು ಹಳೇ ತಟ್ಟೆಗೆ ಮಣ್ಣು ಹಾಕಿ ಅದರಲ್ಲಿ ಚೆಲ್ಲುತ್ತಾನೆ. ಒಂದು ತಟ್ಟೆಗೆ ರಾಗಿ, ಇನ್ನೊಂದಕ್ಕೆ ಸಾಸಿವೆ. ಸಾಸಿವೆ ಬೇಗ ಮೊಳೆಯುತ್ತೆ, ರಾಗಿ ನಿಧಾನ. ಆದರೆ ಹುಲ್ಲಿನ ಹಾಗೆ ಕಾಣುವುದು ರಾಗಿಯೇ. ಅದು ನಮ್ಮ ಪಾರ್ಕು. ಅದರ ಪಕ್ಕ ಮೃಗಾಲಯ. ಮೃಗಾಲಯದ ಪಕ್ಕ ಕಾರಂಜಿ ಕೆರೆ, ಅಂದರೆ ಒಂದು ಹಳೇ ಕೈಗನ್ನಡಿ. ಗೋಣಿಚೀಲದೊಳಗೆ ಪೇಪರು ತುಂಬಿ ಚಾಮುಂಡಿಬೆಟ್ಟ ಮಾಡುತ್ತಾರೆ. ಒಂದು ವರ್ಷ ನಾನು ನಂದಿಯನ್ನು ಚೆಂದ ಕಾಣಲಿ ಅಂತ ಬೆಟ್ಟದ ತುದಿಗಿಟ್ಟೆ. ಚಿಕ್ಕವನು ಬಂದು, "ಅಮ್ಮಾ, ನಂದಿ ಮೆಟ್ಟಿಲ ನಡುವೆ ಬರೋದು. ನಾವು ಅಲ್ಲೇ ಕೂತು ಸೌತೆಕಾಯಿ ತಿಂದಿರಲಿಲ್ವಾ?" ಅಂತ ತೆಗೆದು ಸರಿಯಾದ ಜಾಗಕ್ಕಿಟ್ಟ.

ಶೆಟ್ಟರ ಅಂಗಡಿ ಪೂರ್ತಿ ಅವನದೇ. ಶೆಟ್ಟರು, ಶೆಟ್ಟಮ್ಮ ಕೂತಿರುತ್ತಾರೆ. ಮುಂದೆ ಅಕ್ಕಿ, ತೊಗರಿಬೇಳೆ, ಬೆಲ್ಲ, ಒಣಮೆಣಸಿನಕಾಯಿಯ ಸಣ್ಣ ಸಣ್ಣ ರಾಶಿ. ಹಿತ್ತಾಳೆಯದು ಒಂದು ಪುಟ್ಟ ಪಾವು, ಹೆಬ್ಬೆರಳಿನಷ್ಟು. ಕಳೆದ ವರ್ಷ ಅವನು ಒಂದು ಚೂರು ರಟ್ಟಿನ ಮೇಲೆ ಕಪ್ಪು ಪೆನ್ನಿನಲ್ಲಿ ಚೌಕ ಚೌಕ ಬರೆದು ಶೆಟ್ಟರ ಮುಂದೆ ನಿಲ್ಲಿಸಿದ್ದ. ಏನೋ ಇದು ಅಂದೆ. "ಫೋನ್‌ಪೇ ಅಮ್ಮಾ. ಈಗ ಯಾರ ಹತ್ರಾನೂ ಚಿಲ್ಲರೆ ಇರಲ್ಲ."

ಹಂತ ಕಟ್ಟೋದು ಅವರಪ್ಪನ ಕೆಲಸ. ಟ್ರಂಕು, ಸ್ಟೂಲು, ಅದರ ಮೇಲೆ ಹಲಗೆ, ಮೇಲೆ ಬಿಳಿ ಪಂಚೆ. ಬೆಸ ಸಂಖ್ಯೆ ಇರಬೇಕು. ನಮ್ಮ ಹಾಲಿಗೆ 5 ಹಂತವೇ ಜಾಸ್ತಿ.

ಇನ್ನು ಗೊಂಬೆ ಗಂಡುಮಕ್ಕಳದ್ದಲ್ಲ ಅನ್ನುವವರನ್ನು ಒಂದು ದಿನ ಚನ್ನಪಟ್ಟಣಕ್ಕೆ ಕರೆದುಕೊಂಡು ಹೋಗಬೇಕು. ಬೆಂಗಳೂರಿಂದ ಬರುವಾಗ ಒಮ್ಮೆ ನಾವು ಅಲ್ಲಿ ಇಳಿದಿದ್ದೆವು. ಒಬ್ಬರು ಲೇತಿನ ಮುಂದೆ ಕೂತು ಹಾಲೆ ಮರದ ತುಂಡನ್ನು ತಿರುಗಿಸುತ್ತಿದ್ದರು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಸಾಕು, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತಿತ್ತು. ಆಮೇಲೆ ತಾಳೆಗರಿ ಹಿಡಿದು ಹೊಳಪು ಬರಿಸಿದರು. ನನ್ನ ಮಕ್ಕಳು ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ಕೊನೆಗೆ ಅವರು ಇನ್ನೂ ಬೆಚ್ಚಗಿದ್ದ ಒಂದು ಬುಗುರಿಯನ್ನು ಚಿಕ್ಕವನ ಅಂಗೈಗಿಟ್ಟರು. ಐವತ್ತು ದಾಟಿದ ಗಂಡಸು ಅವರು. ದಿನವಿಡೀ ಗೊಂಬೆ ಮಾಡುತ್ತಾರೆ. ಅವರನ್ನು ಯಾರೂ "ನಿಮಗ್ಯಾಕೆ ಗೊಂಬೆ" ಅಂತ ಕೇಳಿರಲಾರರು.

ಈಗ ನನಗೆ ನಿಜವಾಗಿ ಸಿಟ್ಟು ಬಂದದ್ದು ಯಾವಾಗ ಅಂತ ಹೇಳಬೇಕು.

ಕಳೆದ ವರ್ಷ, 2025ರಲ್ಲಿ, ದಸರಾ 11 ದಿನ ಬಂದಿತ್ತು. ಸೆಪ್ಟೆಂಬರ್ 22ಕ್ಕೆ ಶುರು, ಅಕ್ಟೋಬರ್ 2ಕ್ಕೆ ವಿಜಯದಶಮಿ. ಸರಸ್ವತಿ ಪೂಜೆಯ ಸಂಜೆ. ಪುಸ್ತಕವನ್ನೆಲ್ಲ ಗೊಂಬೆ ಮುಂದೆ ಇಟ್ಟಾಗಿತ್ತು, ಓದುವ ಹಾಗಿಲ್ಲ ಅಂತ ಇಬ್ಬರೂ ಕುಣಿಯುತ್ತಿದ್ದರು. ಪರಿಚಯದ ಹಿರಿಯರೊಬ್ಬರು ಮೊಮ್ಮಗಳನ್ನು ಕರೆದುಕೊಂಡು ಬಂದರು. ಮಗುವಿಗೆ ಐದು ವರ್ಷ ಇರಬಹುದು. ಅವರು ನೋಡಿದರು, ಮೆಚ್ಚಿಕೊಂಡರು. ಆಮೇಲೆ ಅಂದರು: "ಎಷ್ಟು ಚೆನ್ನಾಗಿ ಜೋಡಿಸಿದೀರಮ್ಮ. ಪಾಪ, ಒಂದು ಹೆಣ್ಣುಮಗು ಇದ್ದಿದ್ರೆ ಇದಕ್ಕೆಲ್ಲ ಒಂದು ಅರ್ಥ ಇರ್ತಿತ್ತು. ಗಂಡುಹುಡುಗರಿಗೆ ಇದೆಲ್ಲ ಏನು ಗೊತ್ತಾಗುತ್ತೆ ಹೇಳಿ."

ಮಕ್ಕಳಿಬ್ಬರೂ ಅಲ್ಲೇ ಇದ್ದರು. ಚಿಕ್ಕವನು ಶೆಟ್ಟರ ಅಂಗಡಿಯಲ್ಲಿ ಅಕ್ಕಿ ಅಳೆಯುತ್ತಿದ್ದ. ಆ ಪುಟ್ಟ ಪಾವನ್ನು ಹಾಗೇ ಕೆಳಗಿಟ್ಟು ರೂಮಿಗೆ ಹೋದ. ದೊಡ್ಡವನು ತಲೆ ಎತ್ತದೆ ರಾಗಿ ಪೈರಿಗೆ ನೀರು ಚಿಮುಕಿಸುತ್ತಲೇ ಇದ್ದ. ಬೇಕಾದ್ದಕ್ಕಿಂತ ಜಾಸ್ತಿ ಚಿಮುಕಿಸಿದ. ನೀರು ತಟ್ಟೆಯಿಂದ ಇಳಿದು ಮೃಗಾಲಯದ ಒಳಗೆ ಬಂತು. ನಾನು ಏನೂ ಹೇಳಲಿಲ್ಲ. ಅರಿಶಿನ ಕುಂಕುಮ ಕೊಟ್ಟೆ, ಎಲೆ ಅಡಿಕೆ ಕೊಟ್ಟೆ, ಉಸ್ಲಿ ಕೊಟ್ಟೆ.

ಆ ಮಗು ಮಾತ್ರ ಕನ್ನಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿತ್ತು. "ಈ ಕೆರೇಲಿ ಮೀನು ಎಲ್ಲಿ?" ಅಂತ ಕೇಳಿತು. ದೊಡ್ಡವನು "ಒಳಗಡೆ ಇದೆ ಪುಟ್ಟಿ, ಕಾಣಲ್ಲ" ಅಂದ. "ನಂಗೆ ಕಾಣ್ಬೇಕು" ಅಂತು.

ರಾತ್ರಿ ದೀಪ ಆರಿಸಿದ ಮೇಲೆ ಚಿಕ್ಕವನು ನನ್ನ ಪಕ್ಕಕ್ಕೆ ಬಂದ.

"ಅಮ್ಮಾ, ನಾನು ಹೆಣ್ಣಾಗಿದ್ರೆ ಗೊಂಬೆ ನಂದಾಗ್ತಿತ್ತಾ?"

"ಈಗ್ಲೂ ನಿಂದೇ ಕಣೋ."

"ಮತ್ತೆ ಆ ಅಜ್ಜಿ ಹಂಗಂದ್ರು?"

"ಅವರಿಗೆ ಗೊತ್ತಿಲ್ಲ."

"ನೀನ್ಯಾಕೆ ಹೇಳ್ಲಿಲ್ಲ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದ ಮುತ್ತೈದೆಗೆ ಎದುರು ಮಾತಾಡಬಾರದು ಅಂತ ಸುಮ್ಮನಿದ್ದೆ. ಆದರೆ ನನ್ನ ಮಗನಿಗೆ ಅದು ಒಪ್ಪಿಕೊಂಡ ಹಾಗೆ ಕೇಳಿಸಿತು. ಅದಕ್ಕೇ ಈಗ ಹೇಳುತ್ತಿದ್ದೇನೆ. ನನಗೆ ಮಗಳಿಲ್ಲ ಅನ್ನುವ ಕೊರಗು ಇಲ್ಲ. ಇದ್ದರೂ ಅದನ್ನು ನನ್ನ ಗಂಡುಮಕ್ಕಳ ಎದುರಿಗೆ ಎತ್ತುವ ಹಕ್ಕು ಯಾರಿಗೂ ಇಲ್ಲ. ಪಾಪ ಅನ್ನುವ ಮಾತನ್ನು ದಯವಿಟ್ಟು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬನ್ನಿ.

ಕೇಳಲೇಬೇಕು ಅಂತಿದ್ದರೆ ನಮ್ಮ ಪಟ್ಟದ ಗೊಂಬೆಯನ್ನು ನೋಡಿ ಕೇಳಿ. ರಕ್ತಚಂದನದ ರಾಜ ರಾಣಿ. ನನ್ನ ಮದುವೆಯಲ್ಲಿ ಅಮ್ಮ ಕೊಟ್ಟದ್ದು. 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದವರು ರಾಜ ಒಡೆಯರು ಅಂತ ಶಾಲೆಯಲ್ಲಿ ಕೇಳಿಕೊಂಡು ಬಂದಾಗಿನಿಂದ ದೊಡ್ಡವನು ನಮ್ಮ ರಾಜನನ್ನೂ ರಾಜ ಒಡೆಯರು ಅಂತಲೇ ಕರೆಯುತ್ತಾನೆ. ಅವರಿಗೆ ಪ್ರತಿ ವರ್ಷ ಹೊಸ ಪೇಟ. ಹಳೇ ಸೀರೆಯ ಜರಿ ಅಂಚನ್ನು ಅಳತೆಗೆ ಕತ್ತರಿಸಿ, ಅಂಟು ಹಾಕದೆ, ಮಡಿಕೆ ಮೇಲೆ ಮಡಿಕೆ ಕೂರಿಸಿ ಸುತ್ತುತ್ತಾನೆ. ಸರಿ ಬರದಿದ್ದರೆ ಬಿಚ್ಚಿ ಮತ್ತೆ ಸುತ್ತುತ್ತಾನೆ. ನಾನು ಕೈ ಹಾಕುವ ಹಾಗಿಲ್ಲ.

ಪಕ್ಕದಲ್ಲಿ ರಾಣಿ ಮಾತ್ರ ಹಳೇ ಸೀರೆಯಲ್ಲೇ ನಿಂತಿರುತ್ತಾಳೆ. ನೇರಳೆ ಬಣ್ಣ, ಈಗ ಅಂಚಿನಲ್ಲಿ ಮಾಸಿದೆ. ಅದನ್ನು ಉಡಿಸಿದ್ದು ನನ್ನಮ್ಮ, ಅವಳ ಕೊನೆಯ ದಸರಾದಲ್ಲಿ. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಿ ಕೊಟ್ಟಿದ್ದು ದೊಡ್ಡವನು. ನೆರಿಗೆಯ ಹತ್ತಿರ ಮೂರು ಹೊಲಿಗೆ ಇದೆ, ಒಂದು ಉದ್ದ, ಎರಡು ಗಿಡ್ಡ, ದಾರದ ಬಣ್ಣ ಬೇರೆ. ಮರುವರ್ಷ ಟ್ರಂಕಿನಿಂದ ತೆಗೆದಾಗ ನಾನು ಹೊಸ ಸೀರೆ ಉಡಿಸೋಣ ಅಂತ ಬಿಚ್ಚಲು ಹೋದೆ. "ಬೇಡ ಅಮ್ಮಾ, ಅದು ಅಜ್ಜಿ ಉಡಿಸಿದ್ದು" ಅಂತ ನನ್ನ ಕೈ ಹಿಡಿದ. ಅವತ್ತಿನಿಂದ ಆ ಸೀರೆ ಬಿಚ್ಚಿಲ್ಲ.

ರಾಜನಿಗೆ ಹೊಸ ಪೇಟ, ರಾಣಿಗೆ ಯಾಕೆ ಹಳೇ ಸೀರೆ ಅಂತ ಯಾರಾದರೂ ಕೇಳಲಿ ಅಂತ ನನಗೆ ಎಷ್ಟು ಆಸೆ ಗೊತ್ತಾ? ಮೂರು ವರ್ಷದಿಂದ ಕಾಯುತ್ತಿದ್ದೇನೆ. ಕೇಳಿದರೆ ದೊಡ್ಡವನೇ ಹೇಳುತ್ತಾನೆ. ನನಗಿಂತ ಚೆನ್ನಾಗಿ ಹೇಳುತ್ತಾನೆ.

ಗೊಂಬೆ ಯಾಕೆ ಅನ್ನುವುದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ. "ಪಟ್ಟದ ಗೊಂಬೆ ಮಗಳಿಗೆ ತಾನೇ ಹೋಗೋದು, ನೀವು ಮುಂದೆ ಯಾರಿಗೆ ಕೊಡ್ತೀರಿ?" ಸೊಸೆ ಬರ್ತಾಳೆ ಬಿಡಿ ಅಂತ ಅವರೇ ಸಮಾಧಾನವನ್ನೂ ಹೇಳುತ್ತಾರೆ. ಸೊಸೆಗಲ್ಲ ರೀ, ಮಕ್ಕಳಿಗೇ ಕೊಡ್ತೀನಿ. ಅವರು ಆಗಲೇ ಹಂಚಿಕೊಂಡಿದ್ದಾರೆ. ರಾಜ ರಾಣಿ ದೊಡ್ಡವನಿಗೆ, ಶೆಟ್ಟರ ಸಂಸಾರ ಚಿಕ್ಕವನಿಗೆ. ಬೆಟ್ಟ ಯಾರಿಗೆ ಅಂತ ಮಾತ್ರ ಜಗಳ ಇದೆ.

ತೆಗೆದಿಡೋದೂ ಅವರೇ. ವಿಜಯದಶಮಿ ರಾತ್ರಿ ರಾಜ ರಾಣಿಯನ್ನು ಮಲಗಿಸುತ್ತಾರೆ. ಮಾರನೇ ದಿನ ಒಂದೊಂದನ್ನೇ ಒರೆಸಿ, ಅಜ್ಜಿಯ ಹಳೇ ಕಾಟನ್ ಸೀರೆಯ ತುಂಡಿನಲ್ಲಿ ಸುತ್ತಿ, ಮೇಲೆ ಪೇಪರು ಸುತ್ತಿ, ಟ್ರಂಕಿನ ತಳಕ್ಕೆ ಒಣ ಬೇವಿನಸೊಪ್ಪು ಹಾಕಿ ಇಡುತ್ತಾರೆ. ಕಳೆದ ವರ್ಷ ಶೆಟ್ಟರ ಗಂಟಿನೊಳಗೆ ಆ ಫೋನ್‌ಪೇ ರಟ್ಟೂ ಹೋಯಿತು.

ಈ ವರ್ಷ ಅಧಿಕ ಜ್ಯೇಷ್ಠ ಬಂದಿದ್ದರಿಂದ ದಸರಾ ಅಕ್ಟೋಬರ್ ಮಧ್ಯಕ್ಕೆ ಹೋಗಿದೆ. ಮಕ್ಕಳಿಗೆ ಟೈಮು ಸಿಕ್ಕಿತು. ಜೇಡಿಮಣ್ಣಿನಲ್ಲಿ ಮೀನು ಮಾಡುತ್ತಿದ್ದಾರೆ, ಬೆರಳಿನ ಗೆಣ್ಣಿನಷ್ಟು ಉದ್ದದ್ದು. ಇಲ್ಲಿಯವರೆಗೆ ಏಳು ಆಗಿವೆ, ಎರಡರ ಬಾಲ ಮುರಿದಿದೆ. ಕನ್ನಡಿಯ ಮೇಲಿಟ್ಟರೆ ಹದಿನಾಲ್ಕು ಕಾಣುತ್ತೆ ಅಂತ ಚಿಕ್ಕವನ ಲೆಕ್ಕ. ಆ ಪುಟ್ಟಿಯನ್ನು ಈ ಸಲವೂ ಕರೆದುಕೊಂಡು ಬನ್ನಿ. ಅಜ್ಜಿಯೂ ಬರಲಿ.