ಅಲರ್ಟ್ ಬಂದಿದ್ದು 2:10ಕ್ಕೆ

ಶನಿವಾರ ಬೆಳಗಿನ ಜಾವ 2:10ಕ್ಕೆ ಅಲರ್ಟ್ ಬಡಿದುಕೊಂಡಿತು. ಆನ್‌ಕಾಲ್ ನಾನೇ, ಅಂದರೆ ಅಲರ್ಟ್ ನೋಡುವ ಸರದಿ ನನ್ನದು. ನಿದ್ದೆಗಣ್ಣಲ್ಲೇ ‘ನೋಡಿದೆ’ ಅನ್ನೋ ಬಟನ್ ಒತ್ತಿ ಲ್ಯಾಪ್‌ಟಾಪ್ ತೆಗೆದೆ. ಕ್ಲೌಡ್‌ನಲ್ಲಿ ನಾವು ಬ್ಯಾಕಪ್ ಇಡುವ ಜಾಗದಿಂದ ಯಾರೋ ಫೈಲ್ ಇಳಿಸಿಕೊಳ್ಳುತ್ತಿದ್ದರು. ಐಪಿ ವಿಳಾಸ ನಮ್ಮದಲ್ಲ, ಒಳಗೆ ಬರಲು ಬಳಸಿದ ಕೀ (ಪಾಸ್‌ವರ್ಡ್ ಥರದ್ದು) ಮಾತ್ರ ನಮ್ಮದೇ. ಹಳೇ ಪ್ರಾಜೆಕ್ಟಿನ ಕೀ, ಯಾರೂ ರದ್ದು ಮಾಡಿರಲಿಲ್ಲ. 2:25ರ ಹೊತ್ತಿಗೆ ಅದನ್ನು ಡಿಸೇಬಲ್ ಮಾಡಿದೆ. ಅಲ್ಲಿವರೆಗೆ ನಾನು ಮಾಡಿದ್ದು ಸರಿಯಾಗೇ ಇತ್ತು.

ಆಮೇಲೆ ಕೆಟ್ಟಿತು. ಆರ್‌ಸಿಎ, ಅಂದರೆ ಮೂಲ ಕಾರಣದ ಹುಡುಕಾಟ, ಮುಗಿಸಿ, ಏನಾಯಿತು ಅಂತ ಗಟ್ಟಿಯಾದ ಮೇಲೆ ಎಲ್ಲರಿಗೂ ಹೇಳೋಣ ಅಂದುಕೊಂಡೆ. ಅರ್ಧಂಬರ್ಧ ವಿಷಯ ಹೇಳಿ ಸುಮ್ನೆ ಗಾಬರಿ ಯಾಕೆ ಅಂತ. ಐದು ಗಂಟೆ ಒಬ್ಬನೇ ಕೂತು ಲಾಗ್ (ಯಾರು ಯಾವಾಗ ಏನು ಮಾಡಿದರು ಅನ್ನೋ ಸಿಸ್ಟಮ್ ದಾಖಲೆ) ಓದಿದೆ. 7:20ಕ್ಕೆ ಇನ್ಸಿಡೆಂಟ್ ಚಾನೆಲ್‌ನಲ್ಲಿ ಬರೆದೆ. ಎರಡೇ ನಿಮಿಷಕ್ಕೆ ಕಂಪ್ಲಯನ್ಸ್, ಅಂದರೆ ಕಾನೂನು ಪಾಲನೆ, ನೋಡಿಕೊಳ್ಳುವ ಸಹೋದ್ಯೋಗಿಯ ಫೋನ್ ಬಂತು.

“ಮೊದಲು ಕಣ್ಣಿಗೆ ಬಿದ್ದಿದ್ದು ಎಷ್ಟು ಹೊತ್ತಿಗೆ?”

“ಎರಡು ಹತ್ತಕ್ಕೆ.”

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. “ಹಾಗಾದ್ರೆ ಉಳಿದಿರೋದು 48 ನಿಮಿಷ” ಅಂದರು.

ಸರ್ಟ್-ಇನ್ ಅಂದರೆ ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ. ಅದರ 2022ರ ಏಪ್ರಿಲ್ 28ರ ಆದೇಶದ ಪ್ರಕಾರ ಇಂಥದ್ದು ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಗಡಿಯಾರ ಓಡೋಕೆ ಶುರುವಾಗೋದು ಗಮನಕ್ಕೆ ಬಂದ ಕ್ಷಣದಿಂದ. ಈ ಟ್ರೇನಿಂಗ್‌ಗೆ ನಾನೂ ಹೋಗಿದ್ದೆ. ವೈಯಕ್ತಿಕ ಡೇಟಾ ರಕ್ಷಣೆಯ ಡಿಪಿಡಿಪಿ ಕಾಯ್ದೆಯಲ್ಲಿ 250 ಕೋಟಿವರೆಗೆ ದಂಡ ಅನ್ನೋ ಸ್ಲೈಡ್ ನೆನಪಿದೆ. ಈ 6 ಗಂಟೆ ಮಾತ್ರ ಲೀಗಲ್‌ನವರ ಕೆಲಸ ಅಂದುಕೊಂಡು ಬಿಟ್ಟಿದ್ದೆ.

ಫಾರ್ಮ್ ತುಂಬುವಾಗ ಮತ್ತೆ ಎಡವಿದೆ. ಎಷ್ಟು ದಾಖಲೆ ಹೋಗಿದೆ ಅಂತ ಲೆಕ್ಕ ಸಿಗದೆ ಅಲ್ಲೇ ನಿಂತುಬಿಟ್ಟೆ. “ಗೊತ್ತಿರೋದು ಬರೀರಿ, ಮಿಕ್ಕಿದ್ದು ಆಮೇಲೆ ಕಳಿಸಬಹುದು” ಅಂತ ಆ ಸಹೋದ್ಯೋಗಿ ಮೂರು ಸಲ ಹೇಳಬೇಕಾಯಿತು. ಅಷ್ಟರಲ್ಲಿ ಕಾಲ್‌ಗೆ ಬಂದ ಮ್ಯಾನೇಜರ್ ಕೇಳಿದರು: “ನೋಡಿದ್ದು 7 ಗಂಟೆಗೆ ಅಂತ ಹಾಕಿದ್ರೆ ಆಗಲ್ವಾ?”

ಯಾರೂ ಮಾತಾಡಲಿಲ್ಲ. ಕರ್ಸರ್ ಟೈಮ್ ಕಾಲಮ್ಮಿನಲ್ಲಿ ಮಿನುಗುತ್ತಿತ್ತು. ಒಂದು ಕ್ಷಣ ನನಗೂ ಆಸೆಯಾಯಿತು, ಸುಳ್ಳು ಹೇಳಲ್ಲ. “ಆಗಲ್ಲ ಸರ್” ಅಂದು 02:10 ಒತ್ತಿದೆ. ಮೇಲ್ ಹೋಗಿದ್ದು 8:19ಕ್ಕೆ, 9 ನಿಮಿಷ ತಡವಾಗಿ. ತಡ ಯಾಕಾಯಿತು ಅಂತಲೂ ಅದರಲ್ಲೇ ಬರೆದೆವು.

ಇದಕ್ಕಿಂತ ಜಾಸ್ತಿ ಚುಚ್ಚಿದ್ದು ಸೋಮವಾರ. ಆ ಕೀ ಯಾವತ್ತಿನಿಂದ ಬೇರೆಯವರ ಕೈಯಲ್ಲಿತ್ತು ಅಂತ ನೋಡಲು ಹೋದರೆ, ಲಾಗ್ ಇದ್ದಿದ್ದು 30 ದಿನದ್ದು ಮಾತ್ರ. ಅದೇ ಆದೇಶ 180 ದಿನದ ಲಾಗ್ ಇಟ್ಟಿರಬೇಕು ಅನ್ನುತ್ತದೆ. ಕ್ಲೌಡ್ ಬಿಲ್ ಇಳಿಸಿ ಅಂತ ಮೇಲಿನವರು ತಿಂಗಳುಗಟ್ಟಲೆ ಬೆನ್ನು ಹತ್ತಿದ್ದರು, ನಿಜ. ಲಾಗ್ ಎಷ್ಟು ದಿನದ್ದಿದೆ ಅಂತ ಒಬ್ಬರೂ ಕೇಳಿರಲಿಲ್ಲ. ಆದರೆ 30ಕ್ಕೆ ಇಳಿಸಿದ ಪುಲ್ ರಿಕ್ವೆಸ್ಟ್ (ಬದಲಾವಣೆಯ ಕೋರಿಕೆ) ನನ್ನದು. ಲೀಗಲ್‌ನವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಇಂಥ ಹೊತ್ತಲ್ಲಿ ಏನು ಮಾಡಬೇಕು ಅಂತ ಬರೆದಿಟ್ಟಿರೋ ನಮ್ಮ ರನ್‌ಬುಕ್‌ನ ಮೊದಲ ಸಾಲಿನಲ್ಲಿ ಈಗ ಕಂಪ್ಲಯನ್ಸ್‌ನವರ ಫೋನ್ ನಂಬರ್ ಇದೆ. ಆರ್‌ಸಿಎ ಇರೋದು ಎರಡನೇ ಪುಟದಲ್ಲಿ.

ಆ ವಾರ ಗ್ರಾಹಕರೊಬ್ಬರು ಕಾಲ್‌ನಲ್ಲಿ ಕೇಳಿದರು: “ಹೋದ ತಿಂಗಳಿಗಿಂತ ಮೊದಲೂ ನಮ್ಮ ಡೇಟಾ ಹೋಗಿದೆಯಾ?” ಹೌದು ಅನ್ನೋಕೂ ಆಗಲಿಲ್ಲ, ಇಲ್ಲ ಅನ್ನೋಕೂ ಆಗಲಿಲ್ಲ. “ನಮ್ಮ ಹತ್ತಿರ ಅಷ್ಟು ಹಿಂದಿನ ಲಾಗ್ ಇಲ್ಲ” ಅಂತ ನಾನೇ ಹೇಳಿದೆ.