ಕಡಿಯುವ ಮುನ್ನಿನ 24 ಗಂಟೆ

ಪ್ರಾಣಿದಯೆಯ ಮಾತೆತ್ತಿದರೆ ಸಾಕು, ಚರ್ಚೆ ಮಾಂಸ ತಿನ್ನಬೇಕೇ ಬೇಡವೇ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕಾನೂನು ಹುಟ್ಟಿದ್ದು ಆ ಜಗಳದಿಂದಲ್ಲ. 1822ರಲ್ಲಿ ರಿಚರ್ಡ್ ಮಾರ್ಟಿನ್ ಬ್ರಿಟಿಷ್ ಸಂಸತ್ತಿನಲ್ಲಿ ಪಾಸು ಮಾಡಿಸಿದ ಕಾಯ್ದೆ ದನ, ಕುರಿ, ಕುದುರೆಗಳನ್ನು ಹೊಡೆದು ಹಿಂಸಿಸುವುದನ್ನು ತಡೆಯಿತು, ಕಡಿಯುವುದನ್ನಲ್ಲ. 1824ರಲ್ಲಿ ಲಂಡನ್ನಿನಲ್ಲಿ ಶುರುವಾದ ಪ್ರಾಣಿದಯಾ ಸಂಘದ ಗುರಿಯೂ ಅಷ್ಟೇ ಆಗಿತ್ತು. ಮಾಂಸ ಮುಟ್ಟದ, ಕುದುರೆ ಗಾಡಿಯನ್ನೂ ಹತ್ತದ ಲೂಯಿಸ್ ಗಾಂಪರ್ಟ್ಜ್ ಅದರ ಕಾರ್ಯದರ್ಶಿಯಾಗಿದ್ದರು. 1830ರ ದಶಕದ ಆರಂಭದಲ್ಲಿ ಹೊರಬಂದು ಬೇರೆ ಸಂಘ ಕಟ್ಟಿದರು.

ನಮ್ಮಲ್ಲೂ ಹಾಗೆಯೇ ಆಯಿತು. ಸಸ್ಯಾಹಾರಿಯಾಗಿದ್ದ ಭರತನಾಟ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಪ್ರಾಣಿಹಿಂಸೆ ತಡೆಯಲು ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದರು. ಸರ್ಕಾರವೇ ಕಾಯ್ದೆ ಮಾಡುವ ಭರವಸೆ ಸಿಕ್ಕ ಮೇಲೆ ಅದನ್ನು ಹಿಂತೆಗೆದುಕೊಂಡರು. ಹಾಗೆ ಬಂದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ, ಆಹಾರಕ್ಕಾಗಿ ಕೊಲ್ಲುವುದನ್ನು ಅಪರಾಧದಿಂದ ಹೊರಗಿಟ್ಟಿದೆ. ಆದರೆ ಅನಗತ್ಯ ನೋವು ಕೊಟ್ಟಿರಬಾರದು. ಈ ಒಂದು ಷರತ್ತಿನ ಮೇಲೆಯೇ ನಿಜವಾದ ಕೆಲಸ ನಡೆಯಬೇಕಿರುವುದು.

2001ರ ಕಸಾಯಿಖಾನೆ ನಿಯಮಗಳು ಆ ಷರತ್ತಿಗೆ ಅಳತೆ ಕೊಟ್ಟವು. ಗಬ್ಬದ ಪ್ರಾಣಿ, ಮೂರು ತಿಂಗಳು ತುಂಬದ ಮರಿ, ಅಂಥ ಮರಿಯಿರುವ ತಾಯಿ, ಇವನ್ನು ಕಡಿಯುವಂತಿಲ್ಲ. ಪಶುವೈದ್ಯರು ಗಂಟೆಗೆ 12, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸಬಾರದು. ಅಂದರೆ ಒಂದಕ್ಕೆ ಐದು ನಿಮಿಷ. 300 ಕುರಿ ಬಂದರೆ ನಾಲ್ವರು ವೈದ್ಯರು ಬೇಕು. ಒಬ್ಬರೇ ಎಲ್ಲಕ್ಕೂ ಸಹಿ ಹಾಕಿದ್ದರೆ ಪರೀಕ್ಷೆ ನಡೆದಿಲ್ಲ ಎಂದೇ ಅರ್ಥ. ಪರೀಕ್ಷೆಯ ನಂತರ 24 ಗಂಟೆ ವಿಶ್ರಾಂತಿ ಕೊಡಬೇಕು, ದೊಡ್ಡ ಪ್ರಾಣಿಗೆ 2.8 ಚದರ ಮೀಟರ್, ಚಿಕ್ಕದಕ್ಕೆ 1.6 ಚದರ ಮೀಟರ್ ಜಾಗ ಇರಬೇಕು. ಒಂದರ ಕಣ್ಣೆದುರು ಇನ್ನೊಂದನ್ನು ಕಡಿಯಬಾರದು.

ಈ ವಿಶ್ರಾಂತಿಯನ್ನು ವ್ಯಾಪಾರಿಗಳು ನಷ್ಟದ ಲೆಕ್ಕಕ್ಕೆ ಬರೆಯುತ್ತಾರೆ. ಅದು ತಪ್ಪು. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಂಥ ಗ್ಲೈಕೋಜನ್ ಇದ್ದರೆ ಸತ್ತ ಮೇಲೆ ಅದು ಲ್ಯಾಕ್ಟಿಕ್ ಆಮ್ಲವಾಗಿ, ಮಾಂಸದ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 7ರ ಆಸುಪಾಸಿನಿಂದ 5.5ರ ಹತ್ತಿರಕ್ಕೆ ಇಳಿಯುತ್ತದೆ. ದಣಿದ, ಬೆದರಿದ ಪ್ರಾಣಿಯಲ್ಲಿ ಗ್ಲೈಕೋಜನ್ ಮೊದಲೇ ಖಾಲಿ. ಪಿಎಚ್ 6ರ ಮೇಲೆಯೇ ಉಳಿದು ಮಾಂಸ ಕಪ್ಪಾಗುತ್ತದೆ, ಅಂಟಂಟಾಗುತ್ತದೆ, ಬೇಗ ಕೆಡುತ್ತದೆ. ನೀರಿಡದೆ ಕಟ್ಟಿಹಾಕಿದರೆ ಅದು ವಿಶ್ರಾಂತಿಯಲ್ಲ. ಬೇರೆ ಬೇರೆ ಹಿಂಡಿನವನ್ನು ಒಂದೇ ದೊಡ್ಡಿಗೆ ತುಂಬಿದರೂ ರಾತ್ರಿಯಿಡೀ ಗುದ್ದಾಡಿ ಇದ್ದ ಕಸುವೂ ಹೋಗುತ್ತದೆ.

ಇಷ್ಟೆಲ್ಲ ಇದ್ದೂ 1960ರ ಕಾಯ್ದೆ 11ನೇ ಕಲಮಿನಡಿ ಮೊದಲ ಅಪರಾಧಕ್ಕೆ ಬರೆದ ದಂಡ 10ರಿಂದ 50 ರೂಪಾಯಿ. ಇದನ್ನು ಏರಿಸಿ ಎಂದು ಕೇಳಲು ಸಸ್ಯಾಹಾರಿಯೇ ಆಗಿರಬೇಕಿಲ್ಲ. ಮಾಂಸ ಕೊಳ್ಳುವವರೇ ಮೊದಲು ಕೇಳಬೇಕು, ಜೊತೆಗೆ ತಮ್ಮೂರಿನ ಕಸಾಯಿಖಾನೆಯಲ್ಲಿ ಎಷ್ಟು ಪಶುವೈದ್ಯರಿದ್ದಾರೆ ಎಂದು ನಗರಸಭೆಯನ್ನೂ ಕೇಳಬೇಕು.