ಅಮ್ಮನಿಗೆ ಬಂದ ಇಪ್ಪತ್ತೈದು ಅಂಕ

"ನೂರರಿಂದ ಏಳೇಳು ಕಳೀತಾ ಹೋಗಿ, ಅಮ್ಮಾ" ಅಂದರು ಡಾಕ್ಟರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟ ಅಮ್ಮ ತಡವರಿಸಲೇ ಇಲ್ಲ. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಅರವತ್ತೈದು. ಮರೆವಿನ ಕಾಯಿಲೆ, ಡಿಮೆನ್ಷಿಯಾ, ಇರಬಹುದು ಅಂತ ಸುಮ್ಮನೆ ಹೆದರಿ ಬಸವನಗುಡಿಯಿಂದ ನಿಮ್ಹಾನ್ಸ್‌ವರೆಗೆ ಕರಕೊಂಡು ಬಂದೆನೇನೋ ಅನ್ನಿಸಿತು.

ಅದಕ್ಕೂ ಮುಂಚೆ ಹೇಳಿಸಿದ್ದ ಮೂರು ಪದ ಯಾವುವು ಅಂತ ಆಮೇಲೆ ಕೇಳಿದರು. "ಯಾವ ಪದ?" ಅಂದಳು ಅಮ್ಮ.

ಕೊನೆಗೆ ಒಂದು ಬಿಳಿ ಹಾಳೆ. ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಬೇಕು. ಕರಿಹಲಗೆಯ ಮೇಲೆ ಎಳೆಯುತ್ತಿದ್ದ ಹಾಗೇ ದುಂಡಗೆ ವೃತ್ತ ಎಳೆದಳು. ಹನ್ನೆರಡೂ ಅಂಕಿ ಅಚ್ಚುಕಟ್ಟಾಗಿ ಕೂತವು. ಚಿಕ್ಕ ಮುಳ್ಳು 11ಕ್ಕೆ. ದೊಡ್ಡದು 2ರ ಮೇಲಿರಬೇಕಿತ್ತು, 10ಕ್ಕೆ ಎಳೆದಳು. ಪೆನ್ಸಿಲ್ ಕೆಳಗಿಟ್ಟು, ಸರಿಯಾಯ್ತಾ ಅನ್ನುವ ಹಾಗೆ ನನ್ನ ಮುಖ ನೋಡಿದಳು.

ನೆನಪು, ಲೆಕ್ಕ, ಮಾತು ಇಂಥವನ್ನು ನೋಡುವ ಎಂಎಂಎಸ್ಇ ಪರೀಕ್ಷೆಯಲ್ಲಿ 30ಕ್ಕೆ 25. 1975ರಿಂದ ಬಳಕೆಯಲ್ಲಿರುವ ಈ ಪರೀಕ್ಷೆಯಲ್ಲಿ 24ಕ್ಕಿಂತ ಕಡಿಮೆ ಬಂದರೆ ಅನುಮಾನಿಸುವುದು ರೂಢಿ. ಆ ಲೆಕ್ಕದಲ್ಲಿ ಅಮ್ಮ ಪಾಸು. ಆದರೆ ಹೆಚ್ಚು ಓದಿದವರು ಕಾಯಿಲೆ ಇದ್ದರೂ ಅಂಕ ತೆಗೆದುಬಿಡುತ್ತಾರೆ, ಶಾಲೆಯ ಮುಖ ನೋಡದವರಿಗೆ ಕಾಯಿಲೆ ಇಲ್ಲದೆಯೂ ಕಡಿಮೆ ಬರುತ್ತೆ, ಇದೊಂದನ್ನೇ ನಂಬೋಕಾಗಲ್ಲ ಅಂತ ಹೇಳಿ, ಅಮ್ಮನನ್ನು ಹೊರಗೆ ಕೂರಿಸಿ ನನ್ನನ್ನು ವಿಚಾರಿಸಿದರು.

"ಪೆನ್ಷನ್ ದುಡ್ಡು ಯಾರು ತೆಗೀತಾರೆ?"

"ನಾನೇ."

"ಮಾತ್ರೆ?"

"ನಾನೇ ತೆಗೆದಿಡ್ತೀನಿ."

"ಯಾವಾಗಿಂದ?"

ಉತ್ತರ ಥಟ್ಟನೆ ಬರಲಿಲ್ಲ. ಪೈಸೆ ಪೈಸೆಗೂ ಡೈರಿಯಲ್ಲಿ ಲೆಕ್ಕ ಬರೆಯುತ್ತಿದ್ದವಳು ಅಮ್ಮ. ಗಾಂಧಿಬಜಾರಿನ ಹೂವಿನಾಕೆಗೆ ಎರಡೆರಡು ಸಲ ದುಡ್ಡು ಕೊಟ್ಟು, ಆಕೆಯೇ ಹಿಂದೆ ಓಡಿಬಂದು ವಾಪಸ್ ಕೊಟ್ಟ ದಿನದಿಂದ ಇರಬೇಕು. ಆಮೇಲೆ ಒಂದೊಂದೇ ಕೆಲಸ ಅವಳ ಕೈಯಿಂದ ನನ್ನ ಕೈಗೆ ಬಂದಿತ್ತು. ಅಮ್ಮನ ಕೈಲಿ ಯಾವ್ಯಾವ ಕೆಲಸ ಆಗುವುದಿಲ್ಲ ಅನ್ನುವುದು ಯಾರ ಕಣ್ಣಿಗೂ ಬೀಳದಂತೆ ಮಾಡಿದ್ದವಳು ನಾನೇ.

ಹೋದ ವಾರ ನಡೆದದ್ದೇನಾದರೂ ಹೇಳಿ ಅಂದರು. ಭಾನುವಾರ ಮಲ್ಲೇಶ್ವರದಲ್ಲಿ ನಾಮಕರಣವಿತ್ತು, ಅಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೆಳಗಿಳಿಸಲೇ ಇಲ್ಲ ಅಂದೆ. ಅಮ್ಮನನ್ನು ಒಳಗೆ ಕರೆದು ಅದನ್ನೇ ಕೇಳಿದರು. "ಭಾನುವಾರಾನಾ? ಎಲ್ಲೂ ಹೋಗಿಲ್ಲಪ್ಪ, ಮನೇಲೇ ಇದ್ದೆ."

ಮರೆವಿನ ಕಾಯಿಲೆ ಎಷ್ಟರ ಮಟ್ಟಿಗಿದೆ ಅಂತ ಹೇಳುವ ಸಿಡಿಆರ್ ಅನ್ನುವ ಅಳತೆಯಲ್ಲಿ ನೆನಪು, ಹೊತ್ತು-ಜಾಗದ ಅರಿವು, ತೀರ್ಮಾನಶಕ್ತಿ, ಹೊರಗಿನ ವ್ಯವಹಾರ, ಮನೆಗೆಲಸ, ಸ್ವಂತ ಆರೈಕೆ ಆರನ್ನೂ ನೋಡುತ್ತಾರೆ. 0 ಅಂದರೆ ಏನೂ ಇಲ್ಲ, 3 ಅಂದರೆ ತೀವ್ರ. ಅಮ್ಮನದು 1, ಅಂದರೆ ಸೌಮ್ಯ. ಮರೆವಿಗೆ ಬೇರೆ ಕಾರಣವೇನಾದರೂ ಇದೆಯಾ ಅಂತ ನೋಡಲು ಬಿ12, ಥೈರಾಯ್ಡ್, ತಲೆಯ ಸ್ಕ್ಯಾನ್‌ಗೂ ಬರೆದುಕೊಟ್ಟರು. "ಅವರಿಗೆ ಆಗೋದನ್ನ ಅವರ ಕೈಯಿಂದ ಕಿತ್ಕೋಬೇಡಿ. ಏನು ಮಾಡ್ತಾರೆ ಅಂತ ಬರೆದುಕೊಂಡು ಬನ್ನಿ."

ಸಂಜೆ ಹುಳಿ ಕುದಿಯುವಾಗ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಅಮ್ಮ ಉಪ್ಪು ಹಾಕಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಉಪ್ಪಿನ ಡಬ್ಬಿ ತೆಗೆದಳು. ನಾನು ಬಾಯಿ ಬಿಡಲಿಲ್ಲ. ಸೌಟಿನಿಂದ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ರುಚಿ ನೋಡಿ, ಡಬ್ಬಿ ಮುಚ್ಚಿಟ್ಟಳು. ಅದನ್ನೇ ಮೊದಲು ಬರೆದುಕೊಂಡೆ.